ಮಣಿಕಟ್ಟಿನಲ್ಲಿ ತಡೆದು ನಿಂತ ಕೋಷ್ಟಕ: ಅಂಗರಚನೆಯನ್ನು ಕಂಪ್ಯೂಟರ್ ಓದುವಂತೆ ಬರೆದ ಒಂದು ಪ್ರಕರಣ

ಕೆಳಗೆ ವಿವರಿಸಿರುವುದು ಮಂಗಳೂರು–ಉಡುಪಿ ಪ್ರದೇಶದ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ನಡೆದ ಕೆಲಸ. ಮೊದಲ ವರ್ಷದ ಎಂಬಿಬಿಎಸ್ ಪಾಠದ ಒಂದು ಭಾಗವನ್ನು ಕಂಪ್ಯೂಟರ್ ಓದಿಕೊಂಡು, ಅದರಿಂದ ತಾನೇ ಪ್ರಶ್ನೆಗಳನ್ನೂ ವಿವರಣೆಗಳನ್ನೂ ಕಟ್ಟುವಂತೆ ಬರೆದಿಡುವುದು ಅದರ ಗುರಿಯಾಗಿತ್ತು. ದತ್ತಾಂಶವನ್ನು ಹೇಗೆ ಜೋಡಿಸಬೇಕು ಎಂಬ ಬಗ್ಗೆ ಸಲಹೆ ಕೊಡಲು ವಿಭಾಗದವರು ನನ್ನನ್ನು ಕರೆದಿದ್ದರು; ಹಾಗಾಗಿ ಹೆಚ್ಚಿನ ಸಭೆಗಳಲ್ಲಿ ನಾನೂ ಇದ್ದೆ. ಕಾಲೇಜಿನ ಹೆಸರು, ವ್ಯಕ್ತಿಗಳ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಅಂಗರಚನೆಗೆ ಸಂಬಂಧಿಸಿದ ಯಾವುದನ್ನೂ ಬದಲಿಸಿಲ್ಲ.

ಹಿನ್ನೆಲೆ

2019ರಲ್ಲಿ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂತು. ಅದು ಅಂಗರಚನಾಶಾಸ್ತ್ರವನ್ನು 82 ವಿಷಯಗಳಾಗಿ ವಿಂಗಡಿಸಿ, ವಿದ್ಯಾರ್ಥಿ ಏನನ್ನು ಗುರುತಿಸಬೇಕು, ಏನನ್ನು ವಿವರಿಸಬೇಕು, ಏನನ್ನು ಮಾಡಿ ತೋರಿಸಬೇಕು ಎಂಬುದನ್ನು ಒಂದೊಂದಾಗಿ ಸಂಕೇತಸಂಖ್ಯೆಯೊಡನೆ ಹೇಳಿತು. ಉದಾಹರಣೆಗೆ, ಆ ಪಠ್ಯಕ್ರಮದ ಎಎನ್ 12.4 ಎಂಬ ಸಂಕೇತವು ಕಾರ್ಪಲ್ ಟನೆಲ್ ಸಿಂಡ್ರೋಮಿನ (ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವ ಕಾಯಿಲೆಯ) ಅಂಗರಚನಾ ಕಾರಣವನ್ನು ವಿವರಿಸುವ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ರಚನೆಗಳ ಹೆಸರು ಹೇಳಿದರೆ ಸಾಲದು, ರೋಗಿಯ ತೊಂದರೆಯಿಂದ ಹಿಂದಕ್ಕೆ ಯೋಚಿಸಿ ಕಾರಣವಾದ ರಚನೆಯನ್ನು ತಲುಪಬೇಕು ಎಂಬುದು ಇದರ ಆಶಯ. ಆಶಯ ಒಳ್ಳೆಯದೇ. ಆದರೆ ಅಂಥ ಪ್ರಶ್ನೆಗಳನ್ನು ಪ್ರತಿ ವಾರದ ಕಿರುಪರೀಕ್ಷೆಗೆ ಹೊಸದಾಗಿ ಬರೆಯುವ ಹೊರೆ ಬಿದ್ದದ್ದು ಅದೇ ಕೆಲವು ಶಿಕ್ಷಕರ ಮೇಲೆ. ಅವರು ಬೆಳಿಗ್ಗೆ ಡಿಸೆಕ್ಷನ್ (ಶವಚ್ಛೇದನ) ಹಾಲ್‌ನಲ್ಲಿ ನಿಂತು, ಮಧ್ಯಾಹ್ನ ಹಿಸ್ಟಾಲಜಿ (ಅಂಗಾಂಶಶಾಸ್ತ್ರ) ಪ್ರಯೋಗಾಲಯ ನೋಡಿಕೊಳ್ಳುವವರು.

ವಿಭಾಗದಲ್ಲಿ ಜ್ಞಾನಕ್ಕೇನೂ ಕೊರತೆ ಇರಲಿಲ್ಲ. ಅದು ಚದುರಿ ಹೋಗಿತ್ತು: ಸ್ಲೈಡುಗಳಲ್ಲಿ, ಸ್ಪಾಟರ್ (ನೋಡಿ ಗುರುತಿಸುವ ಮಾದರಿಗಳ) ಪಟ್ಟಿಗಳಲ್ಲಿ, ಹಿರಿಯ ಪ್ರಾಧ್ಯಾಪಕರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವ ಪ್ರಶ್ನೆಗಳ ಹಳೆಯ ನೋಟ್‌ಬುಕ್ಕುಗಳಲ್ಲಿ. ಒಂದು ಸಂಗತಿಯನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ ಅದರಿಂದ ಹತ್ತು ಬಗೆಯ ಪ್ರಶ್ನೆಗಳು ಹುಟ್ಟುವಂತಾಗಬೇಕು ಎಂಬ ಯೋಚನೆ ವಿಭಾಗದ ಒಬ್ಬ ಸಹಪ್ರಾಧ್ಯಾಪಕಿಯದು. ಇಲ್ಲಿ ಅವರನ್ನು ಸಂಯೋಜಕಿ ಎಂದು ಕರೆಯುತ್ತೇನೆ. ಅವರೊಂದಿಗೆ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು, ಮಂಗಳೂರಿನಲ್ಲೇ ಕೆಲಸ ಮಾಡುವ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು ಕೈಜೋಡಿಸಿದರು.

ನಮ್ಮ ಕರಾವಳಿಯ ವಿದ್ಯಾರ್ಥಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಪಿಯುಸಿಯ ಎರಡು ವರ್ಷ ಬಹು ಆಯ್ಕೆಯ ಪ್ರಶ್ನೆಗಳನ್ನೇ ಬಿಡಿಸಿ ಬಂದವರು ಇವರು. ಕೀ ಉತ್ತರ ಹೇಳಿದ್ದನ್ನು ಎರಡನೇ ಸಲ ಪ್ರಶ್ನಿಸದೆ ಮನಸ್ಸಿಗೆ ಹಾಕಿಕೊಳ್ಳುವ ಅಭ್ಯಾಸ ಅವರಿಗೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಕಂಪ್ಯೂಟರ್ ಕೊಡುವ ಒಂದು ತಪ್ಪು ಉತ್ತರ ಒಂದು ತರಗತಿಯಷ್ಟು ತಲೆಗಳಲ್ಲಿ ಉಳಿದುಬಿಡಬಹುದು. ಮುಂದೆ ತೆಗೆದುಕೊಂಡ ಹಲವು ನಿರ್ಧಾರಗಳ ಹಿಂದೆ ಈ ಅಂಜಿಕೆ ಇತ್ತು, ಮತ್ತು ಅದು ಇರಲೇಬೇಕಾದ ಅಂಜಿಕೆ ಎಂದು ನನ್ನ ಅಭಿಪ್ರಾಯ.

ಮೊದಲ ಕೋಷ್ಟಕ ಮತ್ತು ಅದರ ಸೋಲು

ಆರಂಭ ಆದದ್ದು ಒಂದು ಎಕ್ಸೆಲ್ ಶೀಟಿನಿಂದ. ಇಡೀ ದೇಹಕ್ಕೆ ಒಂದೇ ಶೀಟು. ಪ್ರತಿ ರಚನೆಗೆ ಒಂದು ಸಾಲು. ಕಾಲಂಗಳು ಐದು: ಹೆಸರು, ಮೇಲಿನ ಘಟಕ, ನರ ಪೂರೈಕೆ, ರಕ್ತ ಪೂರೈಕೆ, ಕ್ರಿಯೆ. ‘ಮೇಲಿನ ಘಟಕ’ ಎಂಬ ಕಾಲಂನಲ್ಲಿ ಆ ರಚನೆ ಯಾವುದರ ಕೆಳಗೆ ಬರುತ್ತದೆ ಎಂದು ತುಂಬಬೇಕು. ಬೆರಳು ಹಸ್ತದ ಕೆಳಗೆ, ಹಸ್ತ ಅಪ್ಪರ್ ಲಿಂಬ್‌ನ (ಹೆಗಲಿನಿಂದ ಬೆರಳವರೆಗಿನ ಇಡೀ ಕೈಯ) ಕೆಳಗೆ, ಹೀಗೆ ಮರದ ಆಕಾರದಲ್ಲಿ ದೇಹ ಮೂಡುತ್ತಾ ಹೋಯಿತು. ತುಂಬುವುದು ಸುಲಭವಾಗಿತ್ತು, ಕೆಲಸ ವೇಗವಾಗಿ ಸಾಗಿತು.

ತೊಡಕು ಮೊದಲು ಕಾಣಿಸಿಕೊಂಡದ್ದು ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್ ಎಂಬ, ಬೆರಳುಗಳನ್ನು ಮಡಿಸುವ ಮುಂದೋಳಿನ ಸ್ನಾಯುವಿನ ಸಾಲಿನಲ್ಲಿ. ಈ ಸ್ನಾಯುವಿನ ಒಳಬದಿಯ ಅರ್ಧಕ್ಕೆ ಅಲ್ನರ್ ನರ, ಹೊರಬದಿಯ ಅರ್ಧಕ್ಕೆ ಮೀಡಿಯನ್ ನರದ ಆಂಟೀರಿಯರ್ ಇಂಟರಾಸಿಯಸ್ ಶಾಖೆ. ಶೀಟಿನಲ್ಲಿ ನರಕ್ಕೆ ಇದ್ದದ್ದು ಒಂದೇ ಕೋಣೆ. ತುಂಬಿದವರು ಅದರಲ್ಲಿ ‘ಮೀಡಿಯನ್/ಅಲ್ನರ್’ ಎಂದು ಬರೆದಿದ್ದರು. ಮನುಷ್ಯರು ಓದಿದರೆ ಅರ್ಥವಾಗುತ್ತದೆ. ಪ್ರೋಗ್ರಾಂ ಮಾತ್ರ ‘ಮೀಡಿಯನ್/ಅಲ್ನರ್’ ಎಂಬ ಹೆಸರಿನ ಮೂರನೆಯ ನರವೊಂದು ದೇಹದಲ್ಲಿದೆ ಎಂದು ತಿಳಿದು, ಆ ನರಕ್ಕೆ ಪೆಟ್ಟಾದರೆ ಏನಾಗುತ್ತದೆ ಎಂದು ಪ್ರಶ್ನೆ ಕಟ್ಟಿತು. ಗಂಡಸರಲ್ಲಿ ಮಾತ್ರ ಇರುವ ಪ್ರೋಸ್ಟೇಟ್ ಗ್ರಂಥಿಯ ವಿಷಯದಲ್ಲಿ ಇನ್ನೊಂದು ಬಗೆಯ ಅಡ್ಡಿ ಎದುರಾಯಿತು. ಪ್ರತಿ ಪ್ರೋಸ್ಟೇಟೂ ಒಂದು ಸೊಂಟಕುಹರದಲ್ಲಿದೆ ಎಂಬುದು ಸತ್ಯ. ಪ್ರತಿ ಸೊಂಟಕುಹರದಲ್ಲೂ ಒಂದು ಪ್ರೋಸ್ಟೇಟ್ ಇದೆ ಎಂಬುದು ಸುಳ್ಳು. ಮರದ ಆಕಾರದ ಶೀಟಿಗೆ ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ಹಿಡಿದಿಡುವ ಜಾಗವೇ ಇರಲಿಲ್ಲ. ಪರಿಣಾಮವಾಗಿ ಮಹಿಳೆಯೊಬ್ಬರ ಮೂತ್ರದ ತೊಂದರೆಯ ಪ್ರಶ್ನೆಗೆ ಪ್ರೋಸ್ಟೇಟ್ ಸರಿಯುತ್ತರವಾಗಿ ಬಂತು.

ಇವೆರಡನ್ನೂ ತಂಡ ಸಣ್ಣ ತೇಪೆ ಹಾಕಿ ಸರಿಪಡಿಸಿತು. ಕಣ್ಣಿಗೆ ಕಾಣುವ ತಪ್ಪುಗಳಾದ್ದರಿಂದ ಅವು ಅಷ್ಟು ಅಪಾಯದವೂ ಆಗಿರಲಿಲ್ಲ. ನಿಜವಾದ ತಿರುವು ಬಂದದ್ದು ಸರಿಯೆಂದೇ ತೋರುವ ಒಂದು ಪ್ರಶ್ನೆಯಿಂದ.

ಪ್ರಶ್ನೆ ಹೀಗಿತ್ತು: ಬಂಟ್ವಾಳದ ಕಡೆಯ, ಬಹುಕಾಲದಿಂದ ಬೀಡಿ ಕಟ್ಟುವ 45 ವರ್ಷದ ಮಹಿಳೆಗೆ ರಾತ್ರಿ ಹೊತ್ತು ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು, ಕೈ ಕೊಡವಿದರೆ ಸ್ವಲ್ಪ ಹಗುರ. ಮಣಿಕಟ್ಟಿನ ಕಾರ್ಪಲ್ ಟನೆಲ್‌ನಲ್ಲಿ ಮೀಡಿಯನ್ ನರ ಒತ್ತಿಹೋಗಿದ್ದರೆ ಕೆಳಗಿನ ಯಾವ ಭಾಗಗಳ ಸ್ಪರ್ಶಜ್ಞಾನ ಕುಂದುತ್ತದೆ? ಕಂಪ್ಯೂಟರಿನ ಕೀ ಉತ್ತರದಲ್ಲಿ ಬೆರಳುಗಳ ಜೊತೆಗೆ ಹೆಬ್ಬೆರಳ ಬುಡದ ದಿಬ್ಬದ ಚರ್ಮವೂ ಸೇರಿತ್ತು.

ಪ್ರಯೋಗಕ್ಕೆಂದು ನಡೆಸಿದ ಕಿರುಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಅದನ್ನು ಒಪ್ಪಿಕೊಂಡರು. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬರು ಮಾತ್ರ ಸಂಯೋಜಕಿಯ ಬಳಿ ಬಂದು, “ಮೇಡಂ, ಪಾಮರ್ ಕ್ಯುಟೇನಿಯಸ್ ಶಾಖೆ ಟನೆಲ್‌ನ ಒಳಗೆ ಹೋಗುವುದೇ ಇಲ್ಲ ಅಲ್ವಾ? ಮತ್ತೆ ಅದು ಒತ್ತುವುದು ಹೇಗೆ?” ಎಂದು ಕೇಳಿದರು.

ಅವರು ಹೇಳಿದ್ದು ಸರಿ. ಅಂಗೈಯ ಆ ಭಾಗದ ಚರ್ಮಕ್ಕೆ ಹೋಗುವ ಪಾಮರ್ ಕ್ಯುಟೇನಿಯಸ್ ಶಾಖೆಯು ಮೀಡಿಯನ್ ನರದಿಂದ ಮುಂದೋಳಿನ ಕೆಳಭಾಗದಲ್ಲೇ ಕವಲೊಡೆದು, ಫ್ಲೆಕ್ಸರ್ ರೆಟಿನ್ಯಾಕ್ಯುಲಮ್ ಎಂಬ ಪಟ್ಟಿಯ ಮೇಲಿನಿಂದ ಅಂಗೈಗೆ ಇಳಿಯುತ್ತದೆ. ಟನೆಲ್ ಇರುವುದು ಆ ಪಟ್ಟಿಯ ಕೆಳಗೆ. ಅಲ್ಲಿ ಒಂಬತ್ತು ಟೆಂಡನ್‌ಗಳ (ಸ್ನಾಯುರಜ್ಜುಗಳ) ಜೊತೆ ಮೀಡಿಯನ್ ನರದ ಕಾಂಡ ಮಾತ್ರ ಹಾದುಹೋಗುತ್ತದೆ. ಹಾಗಾಗಿಯೇ ಈ ಕಾಯಿಲೆಯಲ್ಲಿ ಬೆರಳುಗಳು ಜೋಮು ಹಿಡಿದರೂ ದಿಬ್ಬದ ಚರ್ಮದ ಸ್ಪರ್ಶ ಉಳಿದಿರುತ್ತದೆ. ವೈದ್ಯರು ನರ ಒತ್ತಿರುವುದು ಮಣಿಕಟ್ಟಿನಲ್ಲೋ ಅದಕ್ಕಿಂತ ಮೇಲೆಯೋ ಎಂದು ಬೇರ್ಪಡಿಸುವಾಗ ಗಮನಿಸುವ ಸುಳಿವೇ ಇದು. ಎಎನ್ 12.4 ಕಲಿಸಬೇಕಾದ ಸಂಗತಿಯ ತಿರುಳನ್ನೇ ಕೋಷ್ಟಕ ತಲೆಕೆಳಗು ಮಾಡಿತ್ತು.

ಕಾರಣ ಹುಡುಕಿದಾಗ ಶೀಟಿನ ಯಾವ ಸಾಲೂ ತಪ್ಪಾಗಿರಲಿಲ್ಲ ಎಂಬುದೇ ಎಲ್ಲರನ್ನೂ ಚಿಂತೆಗೆ ಹಚ್ಚಿದ ವಿಷಯ. ‘ಮೀಡಿಯನ್ ನರ’ ಎಂಬುದರ ಮೇಲಿನ ಘಟಕ ‘ಕಾರ್ಪಲ್ ಟನೆಲ್’, ‘ಪಾಮರ್ ಕ್ಯುಟೇನಿಯಸ್ ಶಾಖೆ’ ಎಂಬುದರ ಮೇಲಿನ ಘಟಕ ‘ಮೀಡಿಯನ್ ನರ’. ಮೊದಲನೆಯದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಒಳಗಿನಿಂದ ಹಾದುಹೋಗುತ್ತದೆ’ ಎಂಬ ಅರ್ಥ, ಎರಡನೆಯದರಲ್ಲಿ ‘ಕವಲಾಗಿದೆ’ ಎಂಬ ಅರ್ಥ, ಬೆರಳು ಮತ್ತು ಹಸ್ತದ ಸಾಲಿನಲ್ಲಿ ‘ಭಾಗವಾಗಿದೆ’ ಎಂಬ ಅರ್ಥ. ಶಿಕ್ಷಕರು ಈ ಮೂರನ್ನೂ ಸಂದರ್ಭ ನೋಡಿ ಬಿಡಿಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಸಂದರ್ಭವಿಲ್ಲ, ಬೆರಳು ಹಸ್ತದಲ್ಲಿದೆ, ಹಸ್ತ ಅಪ್ಪರ್ ಲಿಂಬ್‌ನಲ್ಲಿದೆ, ಆದ್ದರಿಂದ ಬೆರಳು ಅಪ್ಪರ್ ಲಿಂಬ್‌ನಲ್ಲಿದೆ ಎಂದು ಸರಿಯಾಗಿ ತರ್ಕಿಸಿದ ಅದೇ ನಿಯಮದಿಂದ ಶಾಖೆ ನರದಲ್ಲಿದೆ, ನರ ಟನೆಲ್‌ನಲ್ಲಿದೆ, ಆದ್ದರಿಂದ ಶಾಖೆಯೂ ಟನೆಲ್‌ನಲ್ಲಿದೆ ಎಂದು ಅದು ತೀರ್ಮಾನಿಸಿತು.

ಸಿದ್ಧವಾಗಿರುವುದನ್ನು ತರುವ ಪ್ರಯತ್ನ

ಎಂಜಿನಿಯರುಗಳ ಮೊದಲ ಸಲಹೆ, ಈ ಕೆಲಸವನ್ನು ಈಗಾಗಲೇ ಮಾಡಿರುವವರಿಂದ ಪಡೆಯೋಣ ಎಂಬುದಾಗಿತ್ತು. ಸಲಹೆ ನ್ಯಾಯವಾದದ್ದೇ. ಅಂಗರಚನೆಯ ಹೆಸರುಗಳನ್ನು ಒಂದು ಶಿಸ್ತಿಗೆ ತರುವ ಅಂತರರಾಷ್ಟ್ರೀಯ ಪ್ರಯತ್ನ 1895ರಲ್ಲಿ ಬಾಸೆಲ್‌ನಲ್ಲಿ ಒಪ್ಪಿದ ಪಟ್ಟಿಯಿಂದ ಆರಂಭವಾಗಿ, 1998ರ ಟರ್ಮಿನಾಲಜಿಯಾ ಅನಾಟಮಿಕಾ ಮತ್ತು 2019ರ ಅದರ ಎರಡನೇ ಆವೃತ್ತಿಯವರೆಗೆ ಬಂದಿದೆ. ಹೆಸರುಗಳ ಆಚೆಗೆ ಹೋಗಿ ಸಂಬಂಧಗಳನ್ನೂ ಕಂಪ್ಯೂಟರಿಗೆ ತಿಳಿಯುವಂತೆ ಬರೆದ ದೊಡ್ಡ ಕೆಲಸ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾರ್ನೀಲಿಯಸ್ ರೋಸ್ ಮತ್ತು ಹೋಸೆ ಮೆಹಿನೊ ಅವರ ತಂಡ ಕಟ್ಟಿದ ಫೌಂಡೇಷನಲ್ ಮಾಡೆಲ್ ಆಫ್ ಅನಾಟಮಿ, ಅಂದರೆ ಎಫ್‌ಎಂಎ. ಸುಮಾರು 75,000 ವರ್ಗಗಳು, 20 ಲಕ್ಷಕ್ಕೂ ಹೆಚ್ಚು ಸಂಬಂಧಗಳು ಅದರಲ್ಲಿವೆ. ಆಸ್ಪತ್ರೆಯ ದಾಖಲೆಗಳಿಗೆ ಬಳಸುವ ಸ್ನೋಮೆಡ್ ಸಿಟಿಯಲ್ಲೂ ದೇಹದ ರಚನೆಗಳ ದೊಡ್ಡ ವಿಭಾಗವಿದೆ.

ಎಫ್‌ಎಂಎಯನ್ನು ಇಡಿಯಾಗಿ ಇಳಿಸಿಕೊಂಡು ನೋಡಿದಾಗ ತಂಡಕ್ಕೆ ಎರಡು ವಿಷಯ ಸ್ಪಷ್ಟವಾದವು. ಒಂದು, ‘ಭಾಗ’ ಎಂಬ ಒಂದೇ ಮಾತನ್ನು ಅದು ಎಷ್ಟು ಎಚ್ಚರದಿಂದ ಬಿಡಿಸಿದೆ ಎಂಬುದು. ಹೃದಯದ ಕೋಣೆಗಳು ಒಂದು ಬಗೆಯ ಭಾಗ, ಹೃದಯದ ಗೋಡೆಯಲ್ಲಿರುವ ರಕ್ತನಾಳ ಮತ್ತು ನರಗಳು ಇನ್ನೊಂದು ಬಗೆಯ ಭಾಗ, ಎರಡನ್ನೂ ಅದು ಬೆರೆಸುವುದಿಲ್ಲ. ಇನ್ನೊಂದು, ಅದು ಪಾಠಕ್ಕಾಗಿ ಕಟ್ಟಿದ್ದಲ್ಲ. ಮೊದಲ ವರ್ಷದ ವಿದ್ಯಾರ್ಥಿ ಯಾವುದನ್ನು ತಿಳಿಯಲೇಬೇಕು, ಯಾವುದನ್ನು ಬಿಡಬಹುದು ಎಂಬ ವಿಂಗಡಣೆ ಅದರಲ್ಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅಷ್ಟು ದೊಡ್ಡ ರಾಶಿಯಲ್ಲಿ ಪಠ್ಯಕ್ರಮಕ್ಕೆ ಬೇಕಾದದ್ದನ್ನು ಹೆಕ್ಕುವುದು, ಹೆಕ್ಕಿದ್ದರ ಒಂದೊಂದು ಸಂಬಂಧವನ್ನೂ ಶಿಕ್ಷಕರಿಂದ ಪರಿಶೀಲಿಸಿಕೊಳ್ಳುವುದು ಹೊಸದಾಗಿ ಬರೆಯುವಷ್ಟೇ ಶ್ರಮದ ಕೆಲಸವೆಂದು ತಿಳಿಯಿತು.

ಇಲ್ಲಿ ಸಂಯೋಜಕಿ ತೆಗೆದುಕೊಂಡ ನಿರ್ಧಾರವನ್ನು ನಾನು ಈ ಪ್ರಕರಣದ ಮುಖ್ಯ ನಿರ್ಧಾರವೆಂದೇ ಎಣಿಸುತ್ತೇನೆ. ಇಡೀ ದೇಹದ ಆಸೆ ಬಿಟ್ಟು, ಹೆಗಲಿನಿಂದ ಬೆರಳ ತುದಿಯವರೆಗೆ ಮಾತ್ರ ಮಾಡುವುದು. ಸಂಬಂಧಗಳನ್ನು ತಾವೇ ಬರೆಯುವುದು. ಆದರೆ ಪ್ರತಿ ರಚನೆಗೂ ಸ್ವಂತ ಐಡಿಯೊಂದಿಗೆ ಎಫ್‌ಎಂಎ ಸಂಖ್ಯೆ ಮತ್ತು ಟರ್ಮಿನಾಲಜಿಯಾ ಅನಾಟಮಿಕಾ ಸಂಕೇತವನ್ನು ಜೋಡಿಸುವುದು. ಹೃದಯಕ್ಕೆ ಎಫ್‌ಎಂಎಯಲ್ಲಿ 7088 ಎಂಬ ಸಂಖ್ಯೆ ಇರುವಂತೆ ಪ್ರತಿ ರಚನೆಗೂ ಒಂದು ಸಂಖ್ಯೆ ಇದೆ. ಅದು ಜೊತೆಗಿದ್ದರೆ ನಾಳೆ ಬೇರೆ ಕಾಲೇಜಿನವರು ತಮ್ಮ ಕೆಲಸವನ್ನು ಇದರೊಂದಿಗೆ ಹೊಂದಿಸಿಕೊಳ್ಳಬಹುದು. ನಮ್ಮ ತರಗತಿಗಳಲ್ಲಿ ಪೆರೋನಿಯಲ್ ಎಂದೇ ಕರೆಯುವ ಕಾಲಿನ ನರವನ್ನು ಈಗಿನ ಪಟ್ಟಿ ಫಿಬ್ಯುಲರ್ ಎನ್ನುತ್ತದೆ. ಐಡಿ ಒಂದೇ ಇದ್ದರೆ ಹೆಸರುಗಳು ಎರಡಿದ್ದರೂ ತೊಂದರೆಯಿಲ್ಲ.

ಸಂಬಂಧಗಳಿಗೆ ವ್ಯಾಖ್ಯೆ

ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಆರಂಭದಿಂದಲೂ ಈ ಕೆಲಸಕ್ಕೆ ಒಲವು ತೋರಿರಲಿಲ್ಲ. “ಅಂಗರಚನೆಯನ್ನು ಕೈಯಿಂದ ಬಿಡಿಸಿ ಕಲಿಯಬೇಕು, ಕೋಷ್ಟಕದಲ್ಲಿ ತುಂಬಿಸಿ ಅಲ್ಲ” ಎಂಬುದು ಅವರ ಮಾತು. ಬೀಡಿ ಕಟ್ಟುವ ಮಹಿಳೆಯ ಪ್ರಶ್ನೆಯನ್ನು ಸಂಯೋಜಕಿ ಅವರ ಮುಂದಿಟ್ಟು, ಎಲ್ಲಿ ತಪ್ಪಿತು ಎಂದು ಹೇಳಿ ಸರ್ ಎಂದು ಕೇಳಿದಾಗ, ಅವರು ಬಿಳಿ ಹಾಳೆಯೊಂದರಲ್ಲಿ ಮೀಡಿಯನ್ ನರವನ್ನು ಹೆಗಲಿನಿಂದ ಬೆರಳಿನವರೆಗೆ ಒಂದೇ ಗೆರೆಯಲ್ಲಿ ಎಳೆದು, ಆ ಗೆರೆಗೆ ಅಡ್ಡವಾಗಿ ಮೊಣಕೈಯ ಬಳಿ, ಮಣಿಕಟ್ಟಿನ ಮೇಲೆ ಮತ್ತು ಮಣಿಕಟ್ಟು ದಾಟಿದ ಮೇಲೆ ಗುರುತು ಹಾಕಿದರು. “ನರ ಅಂತ ಒಟ್ಟಿಗೆ ಹೇಳಬೇಡಿ. ಯಾವ ತುಂಡು ಅಂತ ಹೇಳಿ. ಶಾಖೆ ಯಾವ ತುಂಡಿನಿಂದ ಹೊರಟಿತು ಅಂತ ಹೇಳಿ” ಎಂದರು. ದತ್ತಾಂಶದ ಹೊಸ ವಿನ್ಯಾಸ ಆ ಹಾಳೆಯಿಂದಲೇ ಹುಟ್ಟಿತು. ಮುಂದೆ ಅವರೇ ಅಂತಿಮ ಪರಿಶೀಲಕರಾದರು.

ಹೊಸ ವಿನ್ಯಾಸದಲ್ಲಿ ‘ಮೇಲಿನ ಘಟಕ’ ಎಂಬ ಕಾಲಂ ಹೋಯಿತು. ಪ್ರತಿ ಸಾಲು ಮೂರು ತುಂಡುಗಳ ಒಂದು ವಾಕ್ಯವಾಯಿತು: ಒಂದು ರಚನೆ, ಒಂದು ಸಂಬಂಧ, ಇನ್ನೊಂದು ರಚನೆ. ಬಳಸಬಹುದಾದ ಸಂಬಂಧಗಳ ಸಣ್ಣ ಪಟ್ಟಿ ಮೊದಲೇ ನಿಗದಿಯಾಯಿತು: ಭಾಗವಾಗಿದೆ, ಬಗೆಯಾಗಿದೆ, ಖಂಡವಾಗಿದೆ, ಮುಂದಿನ ಖಂಡ, ಇಂಥ ಖಂಡದಿಂದ ಕವಲೊಡೆಯುತ್ತದೆ, ಹಾದುಹೋಗುತ್ತದೆ, ನರ ಒದಗಿಸುತ್ತದೆ, ರಕ್ತ ಒದಗಿಸುತ್ತದೆ, ಪಕ್ಕದಲ್ಲಿದೆ, ಅಂಟಿಕೊಂಡಿದೆ. ಪ್ರತಿಯೊಂದಕ್ಕೂ ಒಂದು ವಾಕ್ಯದ ವ್ಯಾಖ್ಯೆ, ಸರಿಯಾದ ಒಂದು ಉದಾಹರಣೆ, ತಪ್ಪಾದ ಒಂದು ಉದಾಹರಣೆ ಕಡ್ಡಾಯ. ನನ್ನ ಅನುಭವದಲ್ಲಿ ತಪ್ಪು ಉದಾಹರಣೆಯೇ ಹೆಚ್ಚು ಉಪಯೋಗಕ್ಕೆ ಬಂತು. ‘ಪಕ್ಕದಲ್ಲಿದೆ’ ಎಂಬ ಸಂಬಂಧದ ಕೆಳಗೆ, ಅ ಎಂಬುದು ಬ ಪಕ್ಕದಲ್ಲೂ ಬ ಎಂಬುದು ಕ ಪಕ್ಕದಲ್ಲೂ ಇದ್ದ ಮಾತ್ರಕ್ಕೆ ಅ ಎಂಬುದು ಕ ಪಕ್ಕದಲ್ಲಿ ಇರಬೇಕಾಗಿಲ್ಲ ಎಂದು ಬರೆದಿತ್ತು. ‘ಭಾಗವಾಗಿದೆ’ ಎಂಬುದು ಹಾಗೆ ಮುಂದಕ್ಕೆ ಸಾಗುತ್ತದೆ, ‘ಪಕ್ಕದಲ್ಲಿದೆ’ ಎಂಬುದು ಸಾಗುವುದಿಲ್ಲ. ಈ ವ್ಯತ್ಯಾಸವನ್ನು ಪ್ರೋಗ್ರಾಂಗೆ ಹೇಳಿಕೊಡುವುದು ಎಂಜಿನಿಯರುಗಳಿಗೆ ಒಂದು ಸಾಲಿನ ಕೆಲಸ. ಆದರೆ ಹೇಳಬೇಕಾದವರು ಅಂಗರಚನೆ ಬಲ್ಲವರು.

ಮೀಡಿಯನ್ ನರ ಈಗ ತೋಳು, ಮೊಣಕೈಯ ಮುಂಭಾಗ, ಮುಂದೋಳು, ಕಾರ್ಪಲ್ ಟನೆಲ್, ಅಂಗೈ ಎಂಬ ಐದು ಖಂಡಗಳಾಯಿತು. ಪಾಮರ್ ಕ್ಯುಟೇನಿಯಸ್ ಶಾಖೆ ಮುಂದೋಳಿನ ಖಂಡದಿಂದ ಕವಲೊಡೆಯುತ್ತದೆ ಎಂದು ಬರೆದರು. ಒಂದೇ ಖಂಡದ ಕವಲುಗಳಿಗೆ ಮೇಲಿನಿಂದ ಕೆಳಕ್ಕೆ ಕ್ರಮಸಂಖ್ಯೆ ಕೊಟ್ಟರು. ಹೆಬ್ಬೆರಳ ಬುಡದ ಸ್ನಾಯುಗಳಿಗೆ ಹೋಗುವ ಶಾಖೆ ಮತ್ತು ಬೆರಳುಗಳ ಶಾಖೆಗಳು ಅಂಗೈ ಖಂಡದಿಂದ ಹೊರಟವು. ಒಂದು ಖಂಡಕ್ಕೆ ಪೆಟ್ಟಾದರೆ ಆ ಜಾಗದಿಂದ ಕೆಳಗೆ ಕವಲೊಡೆದದ್ದು ಮಾತ್ರ ತೊಂದರೆಗೆ ಸಿಗುತ್ತದೆ ಎಂಬುದು ನಿಯಮ. ಅದೇ ಪ್ರಶ್ನೆಯನ್ನು ಮತ್ತೆ ಓಡಿಸಿದಾಗ ದಿಬ್ಬದ ಚರ್ಮ ತಾನಾಗಿ ಉತ್ತರದಿಂದ ಹೊರಗುಳಿಯಿತು. ಹ್ಯುಮರಸ್ ಮೂಳೆಯ ಕೆಳತುದಿ ಮುರಿದು ಮೀಡಿಯನ್ ನರಕ್ಕೆ ಪೆಟ್ಟಾದ ಮಗುವಿನ ಪ್ರಶ್ನೆಯಲ್ಲಿ ಅದೇ ಚರ್ಮ ಉತ್ತರದೊಳಗೆ ಬಂತು. ಹಾಗೆಂದು ಬೇರೆಯಾಗಿ ಯಾರೂ ಬರೆದಿರಲಿಲ್ಲ. ಆ ದಿನ ತಂಡಕ್ಕೆ ಆದ ಸಂತೋಷಕ್ಕೆ ಕಾರಣವಿತ್ತು.

ಶಿಕ್ಷಕರು ಹೊಸ ಸಾಫ್ಟ್‌ವೇರ್ ಕಲಿಯಬೇಕಾಗಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ಅವರು ಎಕ್ಸೆಲ್‌ನಲ್ಲೇ ಬರೆದರು, ಎಂಜಿನಿಯರುಗಳ ಸ್ಕ್ರಿಪ್ಟ್ ಅದನ್ನು ಆರ್‌ಡಿಎಫ್ ಎಂಬ, ಜಾಲದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರೂಪಕ್ಕೆ ಬದಲಿಸಿತು. ಪ್ರತಿ ಸಾಲಿಗೂ ಆಧಾರವಾದ ಪಠ್ಯದ ಪುಟ ಮತ್ತು ಪರಿಶೀಲಿಸಿದವರ ಹೆಸರು ಇರಬೇಕು. ಇಲ್ಲದಿದ್ದರೆ ಸ್ಕ್ರಿಪ್ಟ್ ಆ ಸಾಲನ್ನು ಸ್ವೀಕರಿಸುವುದಿಲ್ಲ.

ಕವಲುಗಳು ಕೂಡುವ ಜಾಗ

ಖಂಡಗಳ ನಿಯಮ ಚೆನ್ನಾಗಿ ನಡೆಯಿತು, ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕೈಗೆ ಹೋಗುವ ನರಗಳು ಕೂಡಿ ಕವಲೊಡೆಯುವ ಜಾಲ ಬರುವವರೆಗೆ. ತಂಡ ಆರಿಸಿಕೊಂಡ ಪ್ರಶ್ನೆ ನಮ್ಮ ಊರಿನದ್ದೇ: ಅಡಿಕೆ ಮರದಿಂದ ಜಾರಿದ ಕಾರ್ಮಿಕರೊಬ್ಬರು ಬೀಳುವಾಗ ಒಂದು ಕೈಯಲ್ಲಿ ಸಿಕ್ಕಿದ್ದನ್ನು ಹಿಡಿದು ಜೋತುಬಿದ್ದಿದ್ದಾರೆ, ತೋಳು ಮೇಲಕ್ಕೆ ಸೆಳೆದು ಪ್ಲೆಕ್ಸಸ್‌ನ ಕೆಳ ಕಾಂಡಕ್ಕೆ, ಅಂದರೆ ಬೆನ್ನುಹುರಿಯಿಂದ ಬರುವ ಸಿ8 ಮತ್ತು ಟಿ1 ಎಂಬ ನರಬೇರುಗಳು ಕೂಡುವ ಕಾಂಡಕ್ಕೆ ಪೆಟ್ಟಾಗಿದೆ. ಯಾವ ಸ್ನಾಯುಗಳು ದುರ್ಬಲವಾಗುತ್ತವೆ?

‘ಕೆಳಗಿರುವುದೆಲ್ಲ ತೊಂದರೆಗೆ ಸಿಗುತ್ತದೆ’ ಎಂಬ ನಿಯಮದಂತೆ ಕಂಪ್ಯೂಟರ್ ಮೀಡಿಯನ್ ನರದ ಎಲ್ಲ ಸ್ನಾಯುಗಳನ್ನೂ ಪಟ್ಟಿಗೆ ಸೇರಿಸಿತು. ರೇಡಿಯಲ್ ನರದವೂ ಸೇರಿದವು. ಇದು ಸರಿಯಲ್ಲ. ಪ್ರೊನೇಟರ್ ಟೆರಿಸ್ ಸ್ನಾಯುವಿಗೆ ಮೀಡಿಯನ್ ನರದ ಮೂಲಕವೇ ಪೂರೈಕೆಯಾದರೂ ಅದರ ತಂತುಗಳು ಬರುವುದು ಸಿ6 ಮತ್ತು ಸಿ7ರಿಂದ. ಕೆಳ ಕಾಂಡದ ಪೆಟ್ಟು ಅದನ್ನು ಮುಟ್ಟುವುದಿಲ್ಲ. ಹಿರಿಯ ಪ್ರಾಧ್ಯಾಪಕರು ಇದನ್ನು ಎಂಜಿನಿಯರುಗಳಿಗೆ ವಿವರಿಸಿದ ರೀತಿ ನನಗೆ ಇಂದಿಗೂ ನೆನಪಿದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಕೂಡುತ್ತದೆ; ಕೂಡುವ ಮೊದಲು ಕುಮಾರಧಾರೆಗೆ ಅಡ್ಡ ಕಟ್ಟಿದರೆ ಪಾಣೆಮಂಗಳೂರಿನಲ್ಲಿ ಹೊಳೆ ಬತ್ತುವುದಿಲ್ಲ, ನೀರು ಕಡಿಮೆಯಾಗುತ್ತದೆ. ಆದರೆ ಒಂದು ವ್ಯತ್ಯಾಸ ನೆನಪಿಡಿ ಎಂದರು ಅವರು: ಹೊಳೆಯ ನೀರು ಬೆರೆತು ಹೋಗುತ್ತದೆ, ನರತಂತುಗಳು ಒಂದೇ ಕವಚದೊಳಗೆ ಜೊತೆಯಾಗಿ ಸಾಗಿದರೂ ಬೆರೆಯುವುದಿಲ್ಲ, ಯಾವುದು ಎಲ್ಲಿಂದ ಬಂತು ಎಂಬುದು ಕೊನೆಯವರೆಗೂ ಉಳಿದಿರುತ್ತದೆ.

ಈ ಮಾತೇ ನಿಯಮವಾಯಿತು. ಪ್ರತಿ ಸ್ನಾಯುವಿಗೆ ನರದ ಜೊತೆಗೆ ಬೇರಿನ ಮಟ್ಟವನ್ನೂ ಬರೆದರು. ಪೆಟ್ಟಾದ ಜಾಗದ ಮೂಲಕ ಸ್ನಾಯುವಿನ ದಾರಿ ಹಾದುಹೋಗಬೇಕು, ಮತ್ತು ಸ್ನಾಯುವಿನ ಬೇರುಗಳಲ್ಲಿ ಒಂದಾದರೂ ಆ ಜಾಗದ ಬೇರುಗಳಲ್ಲಿ ಸೇರಿರಬೇಕು. ಬೇರುಗಳೆಲ್ಲ ಪೆಟ್ಟಾದ ಜಾಗದವೇ ಆಗಿದ್ದರೆ ಪೂರ್ಣ ದುರ್ಬಲತೆ, ಕೆಲವಷ್ಟೇ ಆಗಿದ್ದರೆ ಭಾಗಶಃ, ಒಂದೂ ಇಲ್ಲದಿದ್ದರೆ ತೊಂದರೆಯಿಲ್ಲ. ಸಿ5, ಸಿ6ರ ಡೆಲ್ಟಾಯ್ಡ್ ಉಳಿಯಿತು. ಸಿ6ರಿಂದ ಸಿ8ರವರೆಗಿನ ಟ್ರೈಸೆಪ್ಸ್ ಭಾಗಶಃ ಎಂಬ ಗುಂಪಿಗೆ ಹೋಯಿತು. ಹಸ್ತದ ಒಳಗಿನ ಸಣ್ಣ ಸ್ನಾಯುಗಳು ಪೂರ್ಣ ದುರ್ಬಲತೆಯ ಗುಂಪಿಗೆ ಬಂದವು. ವೈದ್ಯರು ಕ್ಲುಂಪ್ಕೆ ಎಂಬ ಹೆಸರಿನಲ್ಲಿ ಗುರುತಿಸುವ ಚಿತ್ರಕ್ಕೆ ಅದು ಹೊಂದಿಕೆಯಾಯಿತು.

ಬೇರಿನ ಮಟ್ಟಗಳನ್ನು ತುಂಬುವಾಗ ಪಠ್ಯಪುಸ್ತಕಗಳ ನಡುವೆ ಭಿನ್ನತೆ ಕಂಡುಬಂತು. ಒಂದು ಪುಸ್ತಕ ಸಿ8, ಟಿ1 ಎಂದರೆ ಇನ್ನೊಂದು ಸಿ7ನ್ನೂ ಸೇರಿಸುತ್ತದೆ. ಬಹುಮತ ನೋಡಿ ಒಂದನ್ನು ಉಳಿಸೋಣ ಎಂದು ಎಂಜಿನಿಯರುಗಳು ಹೇಳಿದರು. ಸಂಯೋಜಕಿ ಒಪ್ಪಲಿಲ್ಲ. ಎರಡನ್ನೂ ಅವುಗಳ ಆಧಾರದೊಂದಿಗೆ ಉಳಿಸಿ, ಆ ಸಾಲಿಗೆ ‘ಭಿನ್ನಾಭಿಪ್ರಾಯವಿದೆ’ ಎಂಬ ಗುರುತು ಹಾಕಿ, ಗುರುತು ಇರುವ ಸಾಲಿನಿಂದ ಅಂಕದ ಪ್ರಶ್ನೆ ಕಟ್ಟಬಾರದು ಎಂದು ನಿಗದಿಪಡಿಸಿದರು. ವಿದ್ಯಾರ್ಥಿಗೆ ನ್ಯಾಯ ಸಲ್ಲುವುದು ಹೀಗೆಯೇ ಎಂದು ನನಗೂ ಅನ್ನಿಸುತ್ತದೆ.

ಡಿಸೆಕ್ಷನ್ ಹಾಲ್‌ನಲ್ಲಿ ಕಂಡದ್ದು

ಪುಸ್ತಕದಲ್ಲಿರುವಂತೆ ಎಲ್ಲ ದೇಹವೂ ಇರುವುದಿಲ್ಲ. ಪಾಮಾರಿಸ್ ಲಾಂಗಸ್ ಎಂಬ ಮುಂದೋಳಿನ ಸ್ನಾಯು ಕೆಲವರಲ್ಲಿ ಇರುವುದೇ ಇಲ್ಲ. ಬೈಸೆಪ್ಸ್‌ಗೆ ಕೆಲವೊಮ್ಮೆ ಮೂರನೆಯ ತಲೆ ಇರುತ್ತದೆ. ಮುಂದೋಳಿನಲ್ಲಿ ಮೀಡಿಯನ್ ಮತ್ತು ಅಲ್ನರ್ ನರಗಳ ನಡುವೆ ಮಾರ್ಟಿನ್–ಗ್ರೂಬರ್ ಎಂಬ ಕೊಂಡಿ ಕೆಲವರಲ್ಲಿ ಇರುತ್ತದೆ. ಎಫ್‌ಎಂಎ ಮಾದರಿ ದೇಹವನ್ನು ವಿವರಿಸುತ್ತದೆ, ತಂಡವೂ ಮುಖ್ಯ ಶೀಟಿನಲ್ಲಿ ಅದನ್ನೇ ಅನುಸರಿಸಿತು. ಭಿನ್ನ ರಚನೆಗಳಿಗೆ ಬೇರೆ ಶೀಟು ಮಾಡಿತು. ಡಿಸೆಕ್ಷನ್ ಮಾಡುವಾಗ ಕಂಡ ಭಿನ್ನ ರಚನೆಯನ್ನು ವಿದ್ಯಾರ್ಥಿಗಳೇ ಅಲ್ಲಿ ದಾಖಲಿಸಬಹುದು.

ಈ ಶೀಟಿನ ವಿನ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಏನನ್ನು ಬರೆಯಬಾರದು ಎಂಬುದು. ದೇಹದಾನಿಯ ವಯಸ್ಸು, ಊರು, ದೇಹ ಬಂದ ದಿನಾಂಕ, ಟೇಬಲ್ ಸಂಖ್ಯೆ ಮೊದಲ ಕರಡಿನಲ್ಲಿದ್ದವು. ನಮ್ಮದು ಒಬ್ಬರಿಗೊಬ್ಬರು ಪರಿಚಿತರಾಗಿರುವ ಪ್ರದೇಶ. ಯಾರ ಮನೆಯವರು ಯಾವ ಕಾಲೇಜಿಗೆ ಯಾವಾಗ ದೇಹದಾನ ಮಾಡಿದರು ಎಂಬುದು ಸ್ಥಳೀಯ ಪತ್ರಿಕೆಗಳಲ್ಲೂ ಬರುತ್ತದೆ. ಇವುಗಳಲ್ಲಿ ಎರಡು ವಿವರ ಸೇರಿದರೆ ದಾನಿ ಯಾರೆಂದು ತಿಳಿದುಬಿಡುತ್ತದೆ. ಹಿರಿಯ ಪ್ರಾಧ್ಯಾಪಕರು ಈ ವಿಷಯದಲ್ಲಿ ಬಹಳ ಗಟ್ಟಿಯಾಗಿ ನಿಂತರು. ಕೊನೆಗೆ ಉಳಿದದ್ದು ಯಾವ ಬದಿ ಮತ್ತು ಯಾವ ರಚನೆ ಎಂಬುದಷ್ಟೇ.

ಫಲಿತಾಂಶ

ಒಂದು ಶೈಕ್ಷಣಿಕ ವರ್ಷದ ಬಳಕೆಯಲ್ಲಿ ಕಂಡದ್ದನ್ನು ಅಳತೆಗಿಂತ ಹೆಚ್ಚಾಗಿ ಶಿಕ್ಷಕರ ಗಮನಿಕೆಯಾಗಿ ಹೇಳುವುದು ಸರಿ. ಪ್ರಶ್ನೆಗಳಿಗಿಂತ ವಿವರಣೆಗಳೇ ಹೆಚ್ಚು ಕೆಲಸಕ್ಕೆ ಬಂದವು. ಕಂಪ್ಯೂಟರ್ ಪ್ರತಿ ಉತ್ತರದ ಕೆಳಗೆ ತಾನು ಸಾಗಿದ ದಾರಿಯನ್ನು ಸಾಲುಸಾಲಾಗಿ ತೋರಿಸುತ್ತದೆ: ಪೆಟ್ಟು ಇಂಥ ಖಂಡಕ್ಕೆ, ಅದರ ಮುಂದಿನ ಖಂಡ ಇಂಥದ್ದು, ಅಲ್ಲಿಂದ ಕವಲೊಡೆದದ್ದು ಇಂಥ ಶಾಖೆ, ಅದು ನರ ಒದಗಿಸುವುದು ಇಂಥ ಸ್ನಾಯುವಿಗೆ. ವೈವಾದಲ್ಲಿ ನರದ ಪೆಟ್ಟಿನ ಬಗ್ಗೆ ಕೇಳಿದರೆ ಒಂದೇ ಉಸಿರಿನಲ್ಲಿ ಸ್ನಾಯುಗಳ ಪಟ್ಟಿ ಒಪ್ಪಿಸುತ್ತಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು ಈಗ “ಸರ್, ಯಾವ ಲೆವೆಲ್‌ನಲ್ಲಿ?” ಎಂದು ಮೊದಲು ಕೇಳತೊಡಗಿದರು. ವಿಭಾಗದವರು ಇದನ್ನು ದೊಡ್ಡ ಲಾಭವೆಂದು ಪರಿಗಣಿಸುತ್ತಾರೆ.

ತಪ್ಪು ಆಯ್ಕೆಗಳ ಗುಣವೂ ಸುಧಾರಿಸಿತು. ಮೊದಲು ಎಲ್ಲೆಲ್ಲಿಂದಲೋ ಹೆಕ್ಕಿದ ಹೆಸರುಗಳು ಬರುತ್ತಿದ್ದವು. ಕೈಯ ಪ್ರಶ್ನೆಯಲ್ಲಿ ಕಣ್ಣಿನ ನರ ಕಂಡರೆ ಯಾರೂ ಅದನ್ನು ಆರಿಸುವುದಿಲ್ಲ. ಈಗ ಅದೇ ಖಂಡದಿಂದ ಹೊರಡುವ ಬೇರೆ ಶಾಖೆ, ಅದೇ ಬೇರಿನ ಬೇರೆ ಸ್ನಾಯು, ಪಕ್ಕದಲ್ಲಿರುವ ಬೇರೆ ನರ ಆಯ್ಕೆಗಳಾಗಿ ಬರುತ್ತವೆ.

ಸೋತ ಭಾಗವೂ ಇದೆ. ಮೂರು ಆಯಾಮದ ಮಾದರಿಯೊಂದಿಗೆ ಈ ದತ್ತಾಂಶವನ್ನು ಜೋಡಿಸಿ, ವಿದ್ಯಾರ್ಥಿ ಪರದೆಯ ಮೇಲೆ ನರವನ್ನು ಮುಟ್ಟಿದರೆ ಪ್ರಶ್ನೆ ಬರುವಂತೆ ಮಾಡಬೇಕೆಂದಿದ್ದರು. ತಂಡಕ್ಕೆ ಸಿಕ್ಕಿದ ಮಾದರಿಯಲ್ಲಿ ಮೀಡಿಯನ್ ನರ ತುದಿಯಿಂದ ತುದಿಗೆ ಒಂದೇ ವಸ್ತುವಾಗಿತ್ತು. ದತ್ತಾಂಶದ ಖಂಡಗಳಿಗೆ ಚಿತ್ರದಲ್ಲಿ ಜೋಡಿ ಸಿಗಲಿಲ್ಲ. ಆ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ.

ಇಂಥ ಕೆಲಸ ಆರಂಭಿಸಲು ಯೋಚಿಸುತ್ತಿರುವ ವಿಭಾಗಗಳಿಗೆ ಈ ಪ್ರಕರಣದಿಂದ ಸಿಗುವ ಪಾಠವೆಂದರೆ, ಹೆಸರುಗಳನ್ನು ತುಂಬುವ ಮೊದಲು ಸಂಬಂಧಗಳ ವ್ಯಾಖ್ಯೆಯನ್ನು ಬರೆಯಬೇಕು, ಮತ್ತು ಅದನ್ನು ಬರೆಯುವ ಸಭೆಯಲ್ಲಿ ವಿಭಾಗದ ಅತ್ಯಂತ ಅನುಭವಿ ಶಿಕ್ಷಕರು ಇರಬೇಕು, ಅವರು ಕೆಲಸವನ್ನು ವಿರೋಧಿಸುವವರಾಗಿದ್ದರೂ ಸರಿಯೇ. ಇಲ್ಲಿ ವಿರೋಧಿಸಿದವರ ಬಳಿಯೇ ಉತ್ತರವಿತ್ತು. ಮೊದಲ ಪರೀಕ್ಷೆಗೆ ಸುಲಭದ ಪ್ರಶ್ನೆಗಳನ್ನು ಆರಿಸಬಾರದು ಎಂಬುದೂ ಅಷ್ಟೇ ಮುಖ್ಯ: ಸುಲಭದ ಪ್ರಶ್ನೆಗಳಿಗೆ ಮೊದಲ ಕೋಷ್ಟಕವೂ ಸರಿಯುತ್ತರ ಕೊಡುತ್ತಿತ್ತು. ವೈದ್ಯರು ಒಂದು ಜಾಗದ ಪೆಟ್ಟನ್ನು ಇನ್ನೊಂದರಿಂದ ಬೇರ್ಪಡಿಸಲು ಬಳಸುವ ಸುಳಿವುಗಳೇ ಒಳ್ಳೆಯ ಪರೀಕ್ಷೆ, ಏಕೆಂದರೆ ಅಲ್ಲಿ ಎರಡು ಸಂಬಂಧಗಳು ಬೆರೆತಿದ್ದರೆ ಕೂಡಲೇ ತಿಳಿಯುತ್ತದೆ.

ಈಗ ಲೋವರ್ ಲಿಂಬ್‌ನ ಶೀಟು ತುಂಬುತ್ತಿದ್ದಾರೆ. ಅಡಕ್ಟರ್ ಮ್ಯಾಗ್ನಸ್ ಸ್ನಾಯುವಿನ ಒಂದು ಭಾಗಕ್ಕೆ ಆಬ್ಟ್ಯುರೇಟರ್ ನರ, ಇನ್ನೊಂದು ಭಾಗಕ್ಕೆ ಸಯಾಟಿಕ್ ನರದ ಟಿಬಿಯಲ್ ಪಾಲು. ಪ್ರೊಫಂಡಸ್‌ಗೆ ಮಾಡಿದಂತೆ ಸ್ನಾಯುವನ್ನು ಎರಡು ಭಾಗವಾಗಿ ಬರೆದು ಅದನ್ನು ಬಿಡಿಸಿದ್ದಾರೆ. ಹೊಟ್ಟೆಯ ಭಾಗವನ್ನು ಮಾತ್ರ ಮುಂದೂಡಿದ್ದಾರೆ. ಕರುಳು ಭ್ರೂಣದಲ್ಲಿ ತಿರುಗಿ ಈಗಿನ ಜಾಗಕ್ಕೆ ಬಂದದ್ದನ್ನು ಹೇಳದೆ ಅದರ ರಕ್ತನಾಳಗಳನ್ನೂ ಪೆರಿಟೋನಿಯಮ್ ಎಂಬ ಹೊಟ್ಟೆಯೊಳಗಿನ ಪೊರೆಯ ಮಡಿಕೆಗಳನ್ನೂ ವಿವರಿಸಲಾಗುವುದಿಲ್ಲ, ಮತ್ತು ಈಗಿನ ಪಟ್ಟಿಯಲ್ಲಿ ಕಾಲದೊಂದಿಗೆ ಬದಲಾಗುವ ಸಂಬಂಧ ಒಂದೂ ಇಲ್ಲ. ‘ಇದರಿಂದ ಬೆಳೆದದ್ದು’ ಎಂಬ ಸಂಬಂಧಕ್ಕೆ ವಿಭಾಗದ ಭ್ರೂಣಶಾಸ್ತ್ರದ ಶಿಕ್ಷಕಿ ವ್ಯಾಖ್ಯೆ ಬರೆಯುತ್ತಿದ್ದಾರೆ. ಅದರ ತಪ್ಪು ಉದಾಹರಣೆಯ ಬಗ್ಗೆ ಚರ್ಚೆ ಇನ್ನೂ ನಡೆದಿದೆ.